ಮೋರನ್, ಬ್ರಯಾನ್, ಫೋಲ್ಡ್ಸ್: ಸಭೆಯಲ್ಲಿ ಯಾರೂ ನುಡಿಸದ ಇಂಗ್ಲಿಷ್ ಸಿಂಫನಿಗಳ ರೆಕಾರ್ಡು ಕೇಳಿದವರು ಇದ್ದೀರಾ?

ಹಳೇತಟ್ಟೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಬೆಂಗಳೂರಿನ ಮಗಳ ಮನೆಯಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಬೇಗ ಎದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋದೆ. ಹಳೇ ಮಿಕ್ಸಿ, ಫ್ಯಾನು, ಬೀಗದ ರಾಶಿಗಳ ನಡುವೆ ಒಬ್ಬರು ಟಾರ್ಪಾಲು ಹಾಸಿ ಎಲ್‌ಪಿಗಳನ್ನು ಹರಡಿಕೊಂಡಿದ್ದರು. ಚಿತ್ರಗೀತೆ, ಭಕ್ತಿಗೀತೆ, ಒಂದಷ್ಟು ಡ್ಯಾನ್ಸ್ ಬ್ಯಾಂಡು. ಎಲ್ಲದರ ಅಡಿಯಲ್ಲಿ ಲಿರಿಟಾ ಅನ್ನೋ ಕಂಪನಿಯ ಒಂದು ತಟ್ಟೆ: ಇ. ಜೆ. ಮೋರನ್, ಜಿ ಮೈನರ್ ಸಿಂಫನಿ (ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ), ನ್ಯೂ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಸರ್ ಏಡ್ರಿಯನ್ ಬೋಲ್ಟ್. ಕವರಿನ ಒಂದು ಮೂಲೆಯನ್ನು ಹುಳ ತಿಂದಿತ್ತು. ತಟ್ಟೆಯನ್ನು ಮಾತ್ರ ಬಿಸಿಲಿಗೆ ಹಿಡಿದು ನೋಡಿದರೆ ಒಂದು ಗೀರೂ ಇಲ್ಲ. ಮುಳ್ಳು ತಾಗಿರುವುದೇ ಅನುಮಾನ ಅನ್ನಿಸಿತು. ಕೇಳಿದ ದುಡ್ಡು ಕೊಟ್ಟು ತಂದೆ.

ಮೈಸೂರಿಗೆ ಬಂದ ಮೇಲೆ ಒರೆಸಿ ಹಾಕಿದೆ. ಮೊದಲ ಭಾಗ ಪೂರ್ತಿ ಹಿಡಿತಕ್ಕೆ ಸಿಗಲಿಲ್ಲ. ಎರಡನೆಯದು, ನಿಧಾನದ ಭಾಗ ಶುರುವಾದಾಗ ಕೈಯಲ್ಲಿದ್ದ ಪೇಪರ್ ಕೆಳಗಿಟ್ಟೆ. ದೊಡ್ಡ ಪಿಟೀಲುಗಳು ಅಡಿಯಲ್ಲಿ ಏನನ್ನೋ ಹುಡುಕುತ್ತಿರುವ ಹಾಗೆ ಸರಿಯುತ್ತವೆ, ಮೇಲೆ ಒಂದು ಕೊಳಲು ಬಂದು ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮೂರು ಸಲ ಹಾಕಿದೆ. ನಲವತ್ತು ವರ್ಷದಿಂದ ಪಾಶ್ಚಾತ್ಯ ಸಂಗೀತ ಕೇಳುತ್ತಿದ್ದೇನೆ, ಈ ಹೆಸರನ್ನೇ ಯಾರೂ ಹೇಳಿರಲಿಲ್ಲ.

ಯಾರು ಈ ಮೋರನ್? ಈ ಸಾಲಿನಲ್ಲಿ ಇನ್ನು ಯಾರ್‍ಯಾರಿದ್ದಾರೆ? ಯಾವ ರೆಕಾರ್ಡಿಂಗಿನಿಂದ ಶುರು ಮಾಡಲಿ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಪಶ್ಚಿಮವಾಹಿನಿ (ಶ್ರೀರಂಗಪಟ್ಟಣ)

ಹಳೇತಟ್ಟೆಯವರೇ, ನಿಮ್ಮ ಕೈಗೆ ಸಿಕ್ಕಿರುವುದು ಸಾಮಾನ್ಯದ್ದಲ್ಲ. ಮೊದಲು ಕಂಪನಿಯ ಕಥೆ ಹೇಳುತ್ತೇನೆ. ಈ ಸಂಗೀತ ಉಳಿದದ್ದೇ ಆ ಕಥೆಯಿಂದ.

ರಿಚರ್ಡ್ ಇಟ್ಟರ್ ಎಂಬೊಬ್ಬರು ಬಕಿಂಗ್‌ಹ್ಯಾಮ್‌ಶೈರಿನ ಬರ್ನ್‌ಹ್ಯಾಮಿನಲ್ಲಿ 1959ರಲ್ಲಿ ಲಿರಿಟಾ ಶುರು ಮಾಡಿದರು. ಮೊದಮೊದಲು ಮನೆಯ ಸಂಗೀತದ ಕೋಣೆಯಲ್ಲೇ ಪಿಯಾನೋ ರೆಕಾರ್ಡಿಂಗು. ಆಮೇಲೆ ದೊಡ್ಡ ಆರ್ಕೆಸ್ಟ್ರಾ, ಡೆಕ್ಕಾ ಕಂಪನಿಯ ಎಂಜಿನಿಯರುಗಳು, ಕಿಂಗ್ಸ್‌ವೇ ಹಾಲ್, ವಾಲ್ಥಮ್‌ಸ್ಟೋ ಹಾಲ್. ಅವರು ಇಟ್ಟುಕೊಂಡ ನೇಮ ಒಂದೇ: ಬೇರೆಯವರು ಮುಟ್ಟದ ಬ್ರಿಟಿಷ್ ಸಂಗೀತವನ್ನು ಒಳ್ಳೆಯ ಧ್ವನಿಯಲ್ಲಿ ತರಬೇಕು. ಬ್ಯಾಕ್ಸ್, ರುಬ್ರಾ, ಫಿನ್ಜಿ, ಬ್ರಿಡ್ಜ್, ಆಲ್ವಿನ್ ಇವರನ್ನೆಲ್ಲ ನನ್ನಂಥವರು ಮೊದಲು ಕೇಳಿದ್ದು ಲಿರಿಟಾದಲ್ಲೇ. ನಿಮ್ಮ ತಟ್ಟೆ ಹೊರಬಂದದ್ದು 1975ರಲ್ಲಿ. ಬೋಲ್ಟ್ ಅವರಿಗೆ ಆಗಲೇ 80 ದಾಟಿತ್ತು.

ಇನ್ನು ಮೋರನ್. ಇಂಗ್ಲಿಷ್ ಸಂಯೋಜಕರು, ಮೊದಲ ಮಹಾಯುದ್ಧದಲ್ಲಿ ತಲೆಗೆ ಗಾಯವಾಗಿ ಬದುಕಿ ಬಂದವರು. ಈ ಸಿಂಫನಿ ಮುಗಿದದ್ದು 1937ರಲ್ಲಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಆ ಎರಡನೇ ಭಾಗ ಪೂರ್ವ ನಾರ್ಫೋಕಿನ ಮರಳದಿಣ್ಣೆ, ಜೌಗುನೆಲದ ನಡುವೆ ಮನಸ್ಸಿಗೆ ಬಂದದ್ದೆಂದು ಅವರೇ ಬರೆದಿದ್ದಾರೆ. ಉಳಿದದ್ದರಲ್ಲಿ ಐರ್ಲೆಂಡಿನ ಕೆರ್ರಿ ಸೀಮೆಯ ಬೆಟ್ಟ, ಕಡಲು. ನೀವು ಎಲ್ಲೂ ನಿಲ್ಲುವುದಿಲ್ಲ ಅಂದಿರಲ್ಲ, ಜೌಗಿನಲ್ಲಿ ಕಾಲಿಟ್ಟ ಹಾಗೆಯೇ ಅದು.

ಆದರೆ ನಿಮ್ಮ ತಟ್ಟೆ ಮೊದಲನೆಯದಲ್ಲ. 1942ರ ಚಳಿಗಾಲ, ಯುದ್ಧದ ನಡುವೆ, ಬ್ರಿಟಿಷ್ ಕೌನ್ಸಿಲ್ ಹಣ ಕೊಟ್ಟು ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾದಿಂದ ಇದನ್ನು ರೆಕಾರ್ಡ್ ಮಾಡಿಸಿತು. ಕಂಡಕ್ಟರ್ ಲೆಸ್ಲಿ ಹೆವರ್ಡ್. 1938ರಲ್ಲಿ ಮೊದಲ ಪ್ರದರ್ಶನ ಕೊಟ್ಟವರೂ ಅವರೇ. ಕ್ಷಯದಿಂದ ಬಳಲುತ್ತಿದ್ದರು, 1943ರ ಮೇ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 45. ನಾಲ್ಕು ನಿಮಿಷಕ್ಕೊಮ್ಮೆ ತಟ್ಟೆ ತಿರುಗಿಸಬೇಕಾದ ಆ 78 ಸುತ್ತಿನ ಹಳೇ ತಟ್ಟೆಗಳ ರೆಕಾರ್ಡಿಂಗನ್ನು ಈಗ ಸಿಡಿಗೆ ಇಳಿಸಿದ್ದಾರೆ. ಕರಕರ ಸದ್ದಿನ ಹಿಂದೆ ಅವಸರವಿದೆ, ಉಸಿರಿದೆ. ಬೋಲ್ಟ್ ಅವರದು ಪಕ್ಕಾ. ಹೆವರ್ಡ್ ಅವರದ್ದರಲ್ಲಿ ಪ್ರಾಣ ಇದೆ. ಎರಡನ್ನೂ ಕೇಳಿ.

ಮಲೆನಾಡ_ಮಳೆ (ತೀರ್ಥಹಳ್ಳಿ)

ಪಶ್ಚಿಮವಾಹಿನಿ ಸರ್, ನಿಮ್ಮ ಮಾತಿಗೆ ಗೌರವ ಇಟ್ಟುಕೊಂಡೇ ಒಂದು ಪ್ರಶ್ನೆ. ಕಾಲ ಅನ್ನುವುದು ಜರಡಿ ಅಲ್ಲವೇ? ಎಲ್ಗರ್, ವಾನ್ ವಿಲಿಯಮ್ಸ್, ಹೋಲ್ಸ್ಟ್, ಬೆಂಜಮಿನ್ ಬ್ರಿಟನ್ ಉಳಿದರು. ಬಾಕಿಯವರು ಉದುರಿದರು. ಉದುರಿದ್ದನ್ನೆಲ್ಲ ಆಯ್ದು ತಂದು ಇದೂ ಮುತ್ತು, ಅದೂ ಮುತ್ತು ಅನ್ನುವುದು ಸಂಗ್ರಾಹಕರ ಮೋಹವೇ ಹೊರತು ಕಿವಿಯ ತೀರ್ಪಲ್ಲ ಅನ್ನಿಸುತ್ತದೆ. ಮೋರನ್ ಸಿಂಫನಿಯನ್ನು ನಾನೂ ಕೇಳಿದ್ದೇನೆ. ಕೊನೆಯಲ್ಲಿ ಬಿಡಿಬಿಡಿಯಾಗಿ ಬೀಳುವ ಆ ಪೆಟ್ಟುಗಳು ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್‌ನ ಐದನೇ ಸಿಂಫನಿಯ ಮುಕ್ತಾಯವೇ. ಮೂಲ ಇರುವಾಗ ನೆರಳು ಏಕೆ?

ಪಶ್ಚಿಮವಾಹಿನಿ

ಸಿಬೇಲಿಯಸ್ ನೆರಳು ಇದೆ, ಒಪ್ಪಿದೆ. ಆ ಕಾಲದ ಅರ್ಧ ಇಂಗ್ಲೆಂಡಿನ ಮೇಲೆ ಅದು ಬಿದ್ದಿತ್ತು. ಆದರೆ ಜರಡಿಯ ಮಾತು ಒಪ್ಪಲಾರೆ. ಜರಡಿಗೆ ಮೊದಲು ಸುರಿಯಬೇಕಲ್ಲ? ಸುರಿಯದೆ ಚೀಲದಲ್ಲೇ ಕಟ್ಟಿಟ್ಟರೆ ಅದು ಉದುರಿದ್ದಲ್ಲ, ಕೇಳದೆ ಉಳಿದದ್ದು.

ಫ್ರ್ಯಾಂಕ್ ಬ್ರಿಡ್ಜ್ ಅವರ 'ಎಂಟರ್ ಸ್ಪ್ರಿಂಗ್' 1927ರದ್ದು. ಆಮೇಲೆ ದಶಕಗಟ್ಟಲೆ ಅದರ ಸುದ್ದಿಯೇ ಇಲ್ಲ. ಶಿಷ್ಯ ಬ್ರಿಟನ್ 1967ರಲ್ಲಿ ಆಲ್ಡ್‌ಬರಾದಲ್ಲಿ ನುಡಿಸಿ ಎಬ್ಬಿಸಿದರು. 1975ರ ಹೊತ್ತಿಗೆ ಚಾರ್ಲ್ಸ್ ಗ್ರೋವ್ಸ್ ಲಿವರ್‌ಪೂಲಿನ ಆರ್ಕೆಸ್ಟ್ರಾದಿಂದ ರೆಕಾರ್ಡ್ ಮಾಡಿದರು. ಈಗ ಅದನ್ನು ಕೇಳಿದ ಯಾರೂ ಉದುರಬೇಕಾದ ಸಂಗೀತ ಅನ್ನಲಾರರು. ನಲವತ್ತು ವರ್ಷ ಜರಡಿ ಎಲ್ಲಿತ್ತು?

ಜಾರ್ಜ್ ಲಾಯ್ಡ್ ಅವರನ್ನೇ ನೋಡಿ. 1942ರಲ್ಲಿ ಆರ್ಕ್ಟಿಕ್ ಸಮುದ್ರದಲ್ಲಿ ಟ್ರಿನಿಡ್ಯಾಡ್ ಎಂಬ ಯುದ್ಧನೌಕೆಯಲ್ಲಿದ್ದರು. ಆ ಹಡಗು ಹಾರಿಸಿದ ಟಾರ್ಪೆಡೋ ಸುತ್ತಿ ಬಂದು ಆ ಹಡಗಿಗೇ ಬಡಿಯಿತು. ಜೊತೆಗಾರರು ಎಣ್ಣೆಯಲ್ಲಿ ಮುಳುಗಿ ಸತ್ತರು, ಇವರು ಬದುಕಿದರು, ನರಗಳು ಜರ್ಜರಿತವಾದವು. ಡಾರ್ಸೆಟ್ಟಿನಲ್ಲಿ ಕಾರ್ನೇಷನ್ ಹೂ, ಅಣಬೆ ಬೆಳೆದುಕೊಂಡು, ಬೆಳಗಿನ ಜಾವ ಎದ್ದು ಕೆಲಸಕ್ಕೆ ಮೊದಲು ಸಿಂಫನಿ ಬರೆದರು. ಎಂಟನೆಯದು 1961ರದ್ದು, ಬಿಬಿಸಿಯಲ್ಲಿ ಬಂದದ್ದು 1977ರಲ್ಲಿ. 1946ರ ನಾಲ್ಕನೆಯದಕ್ಕೆ ಮೊದಲ ಪ್ರದರ್ಶನ 1981ರಲ್ಲಿ. ಎಡ್ವರ್ಡ್ ಡೌನ್ಸ್ ಲಿರಿಟಾಗೆ ಮಾಡಿದ ನಾಲ್ಕು, ಐದು, ಎಂಟು ಇಲ್ಲದಿದ್ದರೆ ಅವರ ಹೆಸರು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಲೆಸ್ಟರ್_ಕನ್ನಡಿಗ

ಈ ಚರ್ಚೆಗೆ ನಮ್ಮೂರಿನದೇ ಒಂದು ವಿಷಯ ಸೇರಿಸುತ್ತೇನೆ. ನಾನು ಹದಿನೆಂಟು ವರ್ಷದಿಂದ ಲೆಸ್ಟರ್‌ನಲ್ಲಿದ್ದೇನೆ. ಮಗಳು ಶಾಲೆಯಲ್ಲಿ ವಯೋಲಾ ನುಡಿಸುತ್ತಾಳೆ. ಇಲ್ಲಿನ ಡಿ ಮಾಂಟ್‌ಫೋರ್ಟ್ ಹಾಲಿಗೆ ಹೋದಾಗಲೆಲ್ಲ ನನಗೆ ನೆನಪಾಗುವುದು 1972.

ಹ್ಯಾವರ್ಗಲ್ ಬ್ರಯಾನ್ ಅನ್ನುವವರು 32 ಸಿಂಫನಿ ಬರೆದರು. ಅದರಲ್ಲಿ ಬಹುಪಾಲು ಎಪ್ಪತ್ತು ದಾಟಿದ ಮೇಲೆ. 1972ರವರೆಗೆ ಅವರ ಒಂದೇ ಒಂದು ಕೃತಿಯೂ ಅಂಗಡಿಯಲ್ಲಿ ಸಿಗುವ ತಟ್ಟೆಯಾಗಿ ಬಂದಿರಲಿಲ್ಲ. ಆ ವರ್ಷ ಈ ಹಾಲಿನಲ್ಲಿ ಹತ್ತನೇ ಮತ್ತು ಇಪ್ಪತ್ತೊಂದನೇ ಸಿಂಫನಿಗಳನ್ನು ಯೂನಿಕಾರ್ನ್ ಕಂಪನಿಗೆ ನುಡಿಸಿದ್ದು ಯಾರು ಗೊತ್ತೇ? ಲೆಸ್ಟರ್‌ಶೈರ್ ಸ್ಕೂಲ್ಸ್ ಸಿಂಫನಿ ಆರ್ಕೆಸ್ಟ್ರಾ. ಶಾಲೆಯ ಮಕ್ಕಳು! ಹತ್ತನೆಯದಕ್ಕೆ ಜೇಮ್ಸ್ ಲಾಕ್ರನ್ ಕಂಡಕ್ಟರ್, ಇಪ್ಪತ್ತೊಂದನೆಯದಕ್ಕೆ ಮಕ್ಕಳ ಗುರು ಎರಿಕ್ ಪಿಂಕೆಟ್. ಬ್ರಯಾನ್ ಅವರಿಗೆ ಆಗ 96. ಅದೇ ನವೆಂಬರಿನಲ್ಲಿ ತೀರಿಕೊಂಡರು. ತಟ್ಟೆ ಮಾರುಕಟ್ಟೆಗೆ ಬಂದದ್ದು ಆಮೇಲೆ.

ಹತ್ತನೇ ಸಿಂಫನಿ ಒಂದೇ ಎಳೆಯದು, ನಡುವೆ ಬಿಡುವಿಲ್ಲ. ಮಧ್ಯದಲ್ಲಿ ಬಿರುಗಾಳಿ ಬರುತ್ತದೆ. ಗಾಳಿಯ ಸದ್ದಿಗೆ ಒಂದು ಯಂತ್ರ, ಗುಡುಗಿಗೆ ಇನ್ನೊಂದು. ಮಕ್ಕಳು ಆ ಜಾಗದಲ್ಲಿ ಹಿಂದೆ ಮುಂದೆ ನೋಡದೆ ನುಗ್ಗುತ್ತಾರೆ. ತುತ್ತೂರಿಯವರು ಒಂದು ಕಡೆ ಅರೆಗಳಿಗೆ ಬೇಗ ಬರುತ್ತಾರೆ ಅನ್ನಿಸುತ್ತದೆ. ನನಗೆ ಅದು ತಪ್ಪಾಗಿ ಕೇಳಿಸುವುದಿಲ್ಲ. ಬಿರುಗಾಳಿ ಸರಿದ ಮೇಲೆ ಪಿಟೀಲುಗಳು ಮೆಲ್ಲಗೆ ಎದ್ದು ಬರುವಾಗ ಇಡೀ ಹಾಲು ಉಸಿರು ಬಿಗಿಹಿಡಿದು ಕೂತಿರುವುದು ಕೇಳಿಸುತ್ತದೆ. ವೃತ್ತಿನಿರತರು ಸಾಲದ ಕಂತಿನ ಹಾಗೆ ನುಡಿಸಿ ಮುಗಿಸುವ ಹೊಸ ಕೃತಿಯನ್ನು ಈ ಮಕ್ಕಳು ತಮ್ಮದೇ ಅಂತ ನುಡಿಸಿದರು.

ಮಲೆನಾಡ_ಮಳೆ

ಲೆಸ್ಟರ್‌ನವರೇ, ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಕೂತು ಕೇಳಿದೆ. ಮಕ್ಕಳ ಧೈರ್ಯಕ್ಕೆ ಕೈ ಮುಗಿದೆ. ಆದರೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಪಿಟೀಲುಗಳ ಶ್ರುತಿ ಅಲ್ಲಲ್ಲಿ ಜಾರುತ್ತದೆ. ಲೋಕ ಆ ಸಿಂಫನಿಯನ್ನು ತಟ್ಟೆಯಲ್ಲಿ ಮೊದಲು ಕೇಳಿದ್ದೇ ಹಾಗೆ. ಜಾರಿದ್ದು ಯಾವುದು, ಬ್ರಯಾನ್ ಬರೆದದ್ದು ಯಾವುದು ಅಂತ ಕೇಳುಗನಿಗೆ ಹೇಗೆ ಗೊತ್ತಾಗಬೇಕು? ತ್ಯಾಗರಾಜರ ಕೃತಿ ಒಂದನ್ನು ಒಬ್ಬ ಕೆಟ್ಟದಾಗಿ ಹಾಡಿದರೆ ಕೃತಿ ಕೆಡುವುದಿಲ್ಲ, ಯಾಕೆಂದರೆ ಅದನ್ನು ಬೇರೆ ಸಾವಿರ ಕಂಠದಲ್ಲಿ ಕೇಳಿರುತ್ತೇವೆ. ಇಲ್ಲಿ ಬಹುಕಾಲ ತಟ್ಟೆಯಲ್ಲಿ ಇದ್ದದ್ದೇ ಒಂದು ಕಂಠ. ಆ ಕಂಠ ಕೆಟ್ಟರೆ ಕೃತಿಯೇ ಕೆಟ್ಟ ಹಾಗೆ.

ಪಶ್ಚಿಮವಾಹಿನಿ

ಮಳೆಯವರೇ, ಇದು ನಿಜವಾದ ಪ್ರಶ್ನೆ. ಇಡೀ ವಿಷಯದ ಗಂಟು ಇಲ್ಲೇ ಇದೆ ಅನ್ನುತ್ತೇನೆ.

ಬ್ರಯಾನ್ ಅವರದೇ 'ಗಾಥಿಕ್' ಸಿಂಫನಿ ತೆಗೆದುಕೊಳ್ಳಿ. 1919ರಿಂದ 1927ರವರೆಗೆ ಬರೆದದ್ದು. ದೊಡ್ಡ ಆರ್ಕೆಸ್ಟ್ರಾ, ಎರಡು ಪಂಗಡದ ಗಾಯಕ ಸಮೂಹ, ಮಕ್ಕಳ ಗಾಯನ, ಹಾಲಿನ ನಾಲ್ಕು ಕಡೆ ನಾಲ್ಕು ಹಿತ್ತಾಳೆ ಬ್ಯಾಂಡು. ಮುಗಿಯಲು ಒಂದು ಮುಕ್ಕಾಲು ಗಂಟೆ. 1961ರಲ್ಲಿ ಕಂಡಕ್ಟರ್ ಬ್ರಯಾನ್ ಫೇರ್‌ಫ್ಯಾಕ್ಸ್ ಹವ್ಯಾಸಿಗಳನ್ನು ಕಟ್ಟಿಕೊಂಡು ಲಂಡನ್ನಿನಲ್ಲಿ ಮೊದಲ ಸಲ ಮಾಡಿದರು. 1966ರಲ್ಲಿ ಬೋಲ್ಟ್ ಆಲ್ಬರ್ಟ್ ಹಾಲಿನಲ್ಲಿ ಮಾಡಿದರು. ತಟ್ಟೆ ಮಾತ್ರ ಇಲ್ಲ. ಬಿಬಿಸಿ ಪ್ರಸಾರವನ್ನು ಮನೆಯಲ್ಲಿ ಟೇಪಿಗೆ ಹಿಡಿದವರಿಂದ ಟೇಪಿಗೆ ಟೇಪು ಪ್ರತಿ ಆಗುತ್ತಾ ಹೋಯಿತು. ಅಮೆರಿಕದ ಒಂದು ಲೇಬಲ್ ಇಂಥ ಪ್ರಸಾರಗಳನ್ನು ಕದ್ದು, ಎಲ್ಲೂ ಇಲ್ಲದ ಆರ್ಕೆಸ್ಟ್ರಾಗಳ ಹೆಸರು ಅಚ್ಚು ಹಾಕಿ ಮಾರಿತು. ಬ್ರಯಾನ್ ಪ್ರೇಮಿಗಳು ಹೆಸರು ಸುಳ್ಳು ಅಂತ ಗೊತ್ತಿದ್ದೂ ಕೊಂಡರು. ಬೇರೆ ದಾರಿ ಇರಲಿಲ್ಲ.

ಕೊನೆಗೆ 1989ರಲ್ಲಿ ಮಾರ್ಕೊ ಪೋಲೊ ಕಂಪನಿ ಬ್ರಾಟಿಸ್ಲಾವಾದಲ್ಲಿ ಓಂಡ್ರೆ ಲೆನಾರ್ಡ್ ನಿರ್ದೇಶನದಲ್ಲಿ ಸ್ಲೋವಾಕ್ ಕಲಾವಿದರಿಂದ ಪೂರ್ತಿ ರೆಕಾರ್ಡ್ ಮಾಡಿಸಿತು. ಒಬ್ಬ ಇಂಗ್ಲಿಷ್ ಸಂಯೋಜಕನ ಅತಿ ದೊಡ್ಡ ಕೃತಿ ಮೊದಲು ಸ್ಟುಡಿಯೋ ಕಂಡದ್ದು ಇಂಗ್ಲೆಂಡಿನಲ್ಲಲ್ಲ. ಆ ರೆಕಾರ್ಡಿಂಗಿನಲ್ಲಿ ಗಾಯಕ ಸಮೂಹ ಕೆಲವು ಕಡೆ ತಡವರಿಸುತ್ತದೆ. ಅದನ್ನೇ ಕೇಳಿ 'ಇಷ್ಟೇನಾ?' ಅಂದವರು ಇದ್ದಾರೆ. ಆಮೇಲೆ 2009ರಲ್ಲಿ ಟೆಸ್ಟಮೆಂಟ್ ಕಂಪನಿ ಬೋಲ್ಟ್ ಅವರ 1966ರ ಪ್ರದರ್ಶನವನ್ನು ಸರಿಯಾಗಿ ಹೊರತಂದಿತು. 2011ರ ಜುಲೈಯಲ್ಲಿ ಪ್ರಾಮ್ಸ್ ಉತ್ಸವದಲ್ಲಿ ಮಾರ್ಟಿನ್ ಬ್ರಾಬಿನ್ಸ್ ಮಾಡಿದ್ದನ್ನು ಹೈಪೀರಿಯನ್ ತಂದಿತು. ಮೂರನ್ನೂ ಒಂದರ ಮೇಲೊಂದು ಕೇಳಿದಾಗ ಕೃತಿ ಯಾವುದು, ಪ್ರದರ್ಶನದ ದೋಷ ಯಾವುದು ಅಂತ ಬೇರೆ ಬೇರೆಯಾಗಿ ಕಾಣತೊಡಗಿತು. ಮೊದಲ ರೆಕಾರ್ಡಿಂಗು ಬಾಗಿಲು ತೆಗೆಯುತ್ತದೆ. ಎರಡನೆಯದು ಬಂದ ಮೇಲೆಯೇ ಒಳಗೆ ಏನಿದೆ ಅಂತ ಗೊತ್ತಾಗುವುದು. ಈ ಪಟ್ಟಿಯಲ್ಲಿರುವ ಎಷ್ಟೋ ಕೃತಿಗಳಿಗೆ ಎರಡನೆಯದು ಬಂದೇ ಇಲ್ಲ, ನನಗೆ ನೋವಾಗುವುದು ಅದಕ್ಕೆ.

ಗುಬ್ಬಚ್ಚಿ_ಗೂಡು (ಹುಬ್ಬಳ್ಳಿ)

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು, ತಟ್ಟೆ ಮುಟ್ಟಿದವಳೂ ಅಲ್ಲ. ಎಲ್ಲಾ ಫೋನಿನಲ್ಲೇ ಕೇಳೋದು. ಎರಡು ಮಾತು.

ಒಂದು, ಸ್ಟ್ರೀಮಿಂಗ್ ಆ್ಯಪಿನಲ್ಲಿ ಈ ಸಂಗೀತ ಇದ್ದರೂ ಸಿಗೋದಿಲ್ಲ. ಸಂಯೋಜಕರ ಹೆಸರಿನ ಜಾಗದಲ್ಲಿ ಕಂಡಕ್ಟರ್ ಹೆಸರು ಇರುತ್ತದೆ. ಸಿಂಫನಿಯ ನಾಲ್ಕು ಭಾಗಗಳು ನಾಲ್ಕು ಹಾಡುಗಳ ಹಾಗೆ ಚೆಲ್ಲಿರುತ್ತವೆ. ಯಾವ ವರ್ಷದ ರೆಕಾರ್ಡಿಂಗು ಅಂತ ನೋಡಿದರೆ ಮರುಮುದ್ರಣದ ವರ್ಷ ಇರುತ್ತದೆ. ಹೆವರ್ಡ್ ಅವರದನ್ನು ಹುಡುಕಲು ನನಗೆ ಒಂದು ಸಂಜೆ ಬೇಕಾಯಿತು. ಲೇಬಲ್ ಹೆಸರು, ಆರ್ಕೆಸ್ಟ್ರಾ ಹೆಸರು ಎರಡನ್ನೂ ಸೇರಿಸಿ ಹುಡುಕಿದರೆ ಬೇಗ ಸಿಗುತ್ತದೆ, ಹೊಸಬರಿಗೆ ಉಪಯೋಗ ಆಗಲಿ ಅಂತ ಹೇಳಿದೆ.

ಎರಡನೆಯದು, ಇಲ್ಲಿಯವರೆಗೆ ಒಬ್ಬ ಹೆಂಗಸಿನ ಹೆಸರೂ ಬಂದಿಲ್ಲ. ರೂತ್ ಗಿಪ್ಸ್ ಅವರನ್ನು ಕೇಳಿದ್ದೀರಾ? 1942ರ ಪ್ರಾಮ್ಸ್‌ನ ಕೊನೆಯ ರಾತ್ರಿ ಅವರ 'ನೈಟ್ ಇನ್ ಆರ್ಮರ್' (ಕವಚ ತೊಟ್ಟ ಯೋಧ) ನುಡಿಸಿದ್ದರು, ವಯಸ್ಸು 21. ಆಮೇಲೆ ಬಾಗಿಲುಗಳು ಮುಚ್ಚಿದವು. ಕಂಡಕ್ಟರ್ ಆಗಲು ಯಾರೂ ಅವಕಾಶ ಕೊಡದಿದ್ದಾಗ ತಾವೇ ಆರ್ಕೆಸ್ಟ್ರಾ ಕಟ್ಟಿದರು, 1955ರಲ್ಲಿ ಒಂದು, 1961ರಲ್ಲಿ ಇನ್ನೊಂದು. ಐದು ಸಿಂಫನಿ ಬರೆದರು. 1999ರಲ್ಲಿ ತೀರಿಕೊಂಡರು. ಷ್ಯಾಂಡೋಸ್ ಕಂಪನಿಗೆ ರುಮನ್ ಗಂಬಾ ಎರಡನೇ ಮತ್ತು ನಾಲ್ಕನೇ ಸಿಂಫನಿ ರೆಕಾರ್ಡ್ ಮಾಡಿದ್ದು 2018ರಲ್ಲಿ ಬಂತು. ಎರಡನೆಯದು ಯುದ್ಧ ಮುಗಿದ ವರ್ಷದ್ದು, ಇಪ್ಪತ್ತು ನಿಮಿಷ ಅಷ್ಟೇ. ಮಳೆಯವರು ಕೇಳಿದ ಜರಡಿಯ ಪ್ರಶ್ನೆಗೆ ನನ್ನ ಉತ್ತರ ಇದು. ಇವರ ಸಂಗೀತವನ್ನು ಕಾಲ ತೂಗಿ ನೋಡಿ ಬಿಟ್ಟದ್ದಲ್ಲ.

ಮಲೆನಾಡ_ಮಳೆ

ಗಿಪ್ಸ್ ಕೇಳಿಲ್ಲ. ಕೇಳಿ ಬಂದು ಮಾತಾಡುತ್ತೇನೆ. ಜರಡಿಯ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡೆ.

ಏಕತಾರಿ (ಮೈಸೂರು)

ನಾನು ಹಾಡುಗಾರಿಕೆ ಕಲಿಸುವವಳು, ಪಾಶ್ಚಾತ್ಯ ಸಂಗೀತದಲ್ಲಿ ನನ್ನದು ಕೇಳುವವಳ ಪಾತ್ರ ಮಾತ್ರ. ಆದರೂ ಜಾನ್ ಫೋಲ್ಡ್ಸ್ ಬಗ್ಗೆ ಹೇಳದೆ ಇರಲಾರೆ. ಇವರ ಸಂಗೀತ ನಮ್ಮ ಕಡೆಗೆ ಕೈ ಚಾಚಿದೆ.

ಮ್ಯಾಂಚೆಸ್ಟರಿನವರು, 1880ರಲ್ಲಿ ಹುಟ್ಟಿದವರು, ಹ್ಯಾಲೆ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸುತ್ತಿದ್ದರು. ಹೆಂಡತಿ ಮಾಡ್ ಮೆಕಾರ್ಥಿ ಐರ್ಲೆಂಡಿನ ಪಿಟೀಲು ವಾದಕಿ. ಕೈನೋವಿನಿಂದ ಪಿಟೀಲು ಬಿಡಬೇಕಾಗಿ ಬಂದು, ಆನಿ ಬೆಸೆಂಟ್ ಅವರೊಡನೆ ಭಾರತಕ್ಕೆ ಬಂದು ದಕ್ಷಿಣದ ಸಂಗೀತ ಕಲಿತವರು. ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಲಂಡನ್ನಿನಲ್ಲಿ ನಮ್ಮ ಶ್ರುತಿ, ರಾಗಗಳನ್ನು ಹಾಡಿ ತೋರಿಸಿ ಉಪನ್ಯಾಸ ಕೊಟ್ಟಿದ್ದರು. ಫೋಲ್ಡ್ಸ್ ಕಿವಿ ತೆರೆದದ್ದು ಆಕೆಯಿಂದ.

ಅವರ 'ತ್ರೀ ಮಂತ್ರಾಸ್' ಕೇಳಿ. ಕೈಬಿಟ್ಟ ಒಂದು ಸಂಸ್ಕೃತ ವಸ್ತುವಿನ ಒಪೆರಾದ ಮೂರು ಅಂಕಗಳಿಗೆ ಪೀಠಿಕೆಯಾಗಿ ಬರೆದವು. ಕ್ರಿಯೆಯ ಮಂತ್ರ, ಆನಂದದ ಮಂತ್ರ, ಸಂಕಲ್ಪದ ಮಂತ್ರ. ನಡುವಿನದರಲ್ಲಿ ಹೆಂಗಸರ ಧ್ವನಿಗಳು ಸಾಹಿತ್ಯವಿಲ್ಲದೆ ತೇಲುತ್ತವೆ. ಮೂರನೆಯದರಲ್ಲಿ ಅವರು ಒಂದು ವ್ರತ ಹಿಡಿದಿದ್ದಾರೆ. ಏಳು ಸ್ವರ ಆರಿಸಿಕೊಂಡು, ಇಡೀ ಆರ್ಕೆಸ್ಟ್ರಾ ಆ ಏಳನ್ನು ಬಿಟ್ಟು ಎಂಟನೆಯದನ್ನು ಮುಟ್ಟುವುದಿಲ್ಲ. ಕಹಳೆ, ತಮಟೆ, ಪಿಟೀಲು ಎಲ್ಲವೂ ಆ ಬೇಲಿಯೊಳಗೇ.

ಮೊದಲ ಸಲ ಕೇಳಿದಾಗ ತಂಬೂರಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಕೂತೆ. ಇದು ಮೇಳಕರ್ತದ (ಏಳು ಸ್ವರಗಳ ಮೂಲ ಶ್ರೇಣಿಯ) ಯೋಚನೆ ಅಂತ ಕಿವಿಗೆ ತಕ್ಷಣ ತಿಳಿಯಿತು. ಆದರೆ ರಾಗ ಅಲ್ಲ. ಗಮಕ ಇಲ್ಲ, ಸಂಚಾರ ಇಲ್ಲ, ಒಂದು ಸ್ವರ ಇನ್ನೊಂದರ ಕಡೆಗೆ ಬಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಮೇಳಕ್ಕೂ ರಾಗಕ್ಕೂ ವ್ಯತ್ಯಾಸ ಹೇಳಲು ವರ್ಷಗಟ್ಟಲೆ ಒದ್ದಾಡಿದ್ದೇನೆ. ಈ ಏಳೆಂಟು ನಿಮಿಷ ಕೇಳಿಸಿದೆ, ಅರ್ಥವಾಯಿತು. ಸ್ವರಗಳ ಎಲುಬಿನಗೂಡು ಇಷ್ಟು ದೊಡ್ಡ ಸದ್ದಿನಲ್ಲಿ ಕುಣಿಯುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವರು ನಮ್ಮ ಸಂಗೀತದ ಮೇಲುಬಣ್ಣವನ್ನು ಬಳಿದುಕೊಳ್ಳಲಿಲ್ಲ, ಒಳಗಿನ ಕಟ್ಟಡವನ್ನು ಕೇಳಿ ಪಡೆದರು.

ರೆಕಾರ್ಡಿಂಗು ಎರಡು ಇವೆ. ಲಿರಿಟಾದಲ್ಲಿ ಬ್ಯಾರಿ ವರ್ಡ್ಸ್‌ವರ್ತ್, ಲಂಡನ್ ಫಿಲ್‌ಹಾರ್ಮೋನಿಕ್. ವಾರ್ನರ್‌ನಲ್ಲಿ ಸಕಾರಿ ಓರಾಮೊ, ಬರ್ಮಿಂಗ್‌ಹ್ಯಾಮ್ ಆರ್ಕೆಸ್ಟ್ರಾ, 2004. ಓರಾಮೊ ಅವರದರಲ್ಲಿ ಲಯದ ಬಿಗಿ ಹೆಚ್ಚು. ವರ್ಡ್ಸ್‌ವರ್ತ್ ಅವರದರಲ್ಲಿ ನಡುವಿನ ಮಂತ್ರ ನನಗೆ ಹೆಚ್ಚು ಹಿಡಿಸಿತು. ಗುಬ್ಬಚ್ಚಿ ಮಗು, ಆ್ಯಪಿನಲ್ಲಿ ಬರೀ 'ಮಂತ್ರ' ಅಂತ ಹುಡುಕಬೇಡ, ಗಾಯತ್ರಿ ಮಂತ್ರವೇ ನೂರು ಬರುತ್ತದೆ. ಫೋಲ್ಡ್ಸ್ ಅಂತ ಸೇರಿಸು.

ಲೆಸ್ಟರ್_ಕನ್ನಡಿಗ

ಏಕತಾರಿ ಮೇಡಂ, ಓದಿ ಮೈ ಜುಮ್ಮೆಂದಿತು. ಫೋಲ್ಡ್ಸ್ ಅವರ ಕೊನೆಯ ದಿನಗಳನ್ನೂ ಸೇರಿಸಿ. 1935ರಲ್ಲಿ ಭಾರತಕ್ಕೇ ಬಂದುಬಿಟ್ಟರು. ದಿಲ್ಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡು, ನಮ್ಮ ವಾದ್ಯಗಳನ್ನೇ ಸೇರಿಸಿ ಒಂದು ವಾದ್ಯವೃಂದ ಕಟ್ಟಿದರು. 1939ರ ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ವರ್ಗವಾಗಿ ಹೋದ ಕೆಲವೇ ದಿನಕ್ಕೆ ಕಾಲರಾದಿಂದ ತೀರಿಕೊಂಡರು. ಭಾರತದಲ್ಲಿ ಬರೆದ ಎಷ್ಟೋ ಸ್ವರಲಿಪಿ ಕಳೆದುಹೋಯಿತು.

ಮತ್ತೊಂದು. ಮಹಾಯುದ್ಧದಲ್ಲಿ ಸತ್ತವರಿಗಾಗಿ ಅವರು ಬರೆದ 'ವರ್ಲ್ಡ್ ರಿಕ್ವಿಯಮ್' 1923ರಿಂದ 1926ರವರೆಗೆ ಪ್ರತಿ ವರ್ಷ ನವೆಂಬರ್ 11ಕ್ಕೆ ಲಂಡನ್ನಿನಲ್ಲಿ ನಡೆಯುತ್ತಿತ್ತು. ಆಮೇಲೆ ನಿಂತುಹೋಯಿತು. ಮತ್ತೆ ಆಲ್ಬರ್ಟ್ ಹಾಲಿನಲ್ಲಿ ನಡೆದದ್ದು 2007ರ ನವೆಂಬರ್ 11ಕ್ಕೆ, ಲಿಯಾನ್ ಬಾಟ್‌ಸ್ಟೈನ್ ನಿರ್ದೇಶನದಲ್ಲಿ. ಅದನ್ನು ಷ್ಯಾಂಡೋಸ್ ತಟ್ಟೆ ಮಾಡಿತು. ಎಂಬತ್ತೊಂದು ವರ್ಷ!

ನಜರಬಾದ್_ಹುಡುಗ

ಮೈಸೂರಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಜಯಚಾಮರಾಜ ಒಡೆಯರ್ ಅವರೇ ಲಂಡನ್ನಿನಲ್ಲಿ ಇಂಥ ಇಂಗ್ಲಿಷ್ ಸಂಗೀತದ ತಟ್ಟೆಗಳಿಗೆ ಹಣ ಕೊಟ್ಟಿದ್ದರಂತೆ. ನಮ್ಮ ತಾತ ಅರಮನೆ ಬ್ಯಾಂಡಿನವರ ಬಾಯಲ್ಲಿ ಕೇಳಿದ್ದರು.

ಪಶ್ಚಿಮವಾಹಿನಿ

ತಾತನವರ ಮಾತಿನ ಬೇರು ನಿಜ, ಕೊಂಬೆ ಸ್ವಲ್ಪ ಬೇರೆ ಕಡೆ ಹೋಗಿದೆ. ಮಹಾರಾಜರು ಹಣ ಕೊಟ್ಟದ್ದು ಮುಖ್ಯವಾಗಿ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತಕ್ಕೆ. ಮೆಟ್ನರ್ ಆಗ ಲಂಡನ್ನಿನಲ್ಲಿ ಅನಾರೋಗ್ಯದಿಂದ, ಯಾರ ಗಮನಕ್ಕೂ ಬಾರದೆ ಇದ್ದರು. 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿ ಮೆಟ್ನರ್ ಅವರೇ ಪಿಯಾನೋ ನುಡಿಸಿದ ಅವರ ಕೃತಿಗಳನ್ನು ಹಿಡಿದಿಟ್ಟದ್ದು ಮೈಸೂರಿನ ದುಡ್ಡಿನಲ್ಲಿ. ಮೂರನೇ ಪಿಯಾನೋ ಕನ್ಚರ್ಟೊವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದ್ದಾರೆ. ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಮಹಾರಾಜರ ಬೆಂಬಲ ಇತ್ತು. 1949ರಲ್ಲಿ ಕಾರಾಯಾನ್ ಆ ಆರ್ಕೆಸ್ಟ್ರಾದಿಂದ ಬಾಲಕಿರೆವ್ ಅವರ ಮೊದಲ ಸಿಂ‌ಫನಿ ರೆಕಾರ್ಡ್ ಮಾಡಿದ್ದರ ಹಿಂದೆಯೂ ಅವರ ಆಸೆ ಇದೆ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ 1950ರ ಮೇ 22ಕ್ಕೆ ಲಂಡನ್ನಿನಲ್ಲಿ ಆದಾಗ ಹಣದ ಖಾತರಿ ಕೊಟ್ಟವರೂ ಅವರೇ.

ಹಾಗಾಗಿ ಇಂಗ್ಲಿಷ್ ಸಂಯೋಜಕರಿಗೆ ನೇರವಾಗಿ ಅಲ್ಲ. ಆದರೆ ಹಳೇತಟ್ಟೆಯವರ ಕವರಿನ ಮೇಲೆ 'ನ್ಯೂ ಫಿಲ್‌ಹಾರ್ಮೋನಿಯಾ' ಅಂತ ಇದೆಯಲ್ಲ, ಅದು ಅದೇ ವಾದ್ಯವೃಂದ. 1964ರಲ್ಲಿ ಲೆಗ್ ಅದನ್ನು ನಿಲ್ಲಿಸಹೊರಟಾಗ ವಾದಕರೇ ಒಟ್ಟಾಗಿ ಹೊಸ ಹೆಸರಿಟ್ಟು ಮುಂದುವರಿಸಿದರು. ಇಟ್ಟರ್ ಬರ್ನ್‌ಹ್ಯಾಮಿನಲ್ಲಿ ಮಾಡಿದ ಕೆಲಸ, ಒಡೆಯರು ಮೈಸೂರಿನಿಂದ ಮಾಡಿದ ಕೆಲಸ ಒಂದೇ ಜಾತಿಯದು. ಕೇಳಬೇಕು ಅನ್ನಿಸಿತು, ಯಾರೂ ಮಾಡುತ್ತಿರಲಿಲ್ಲ, ತಾವೇ ಮಾಡಿಸಿದರು.

ನಜರಬಾದ್_ಹುಡುಗ

ತಿದ್ದಿದ್ದಕ್ಕೆ ಧನ್ಯವಾದ ಸರ್. ತಾತ ಇದ್ದಿದ್ದರೆ ಓದಿ ಹೇಳುತ್ತಿದ್ದೆ. ಇನ್ನೊಂದು ಕೇಳಬೇಕಿತ್ತು. ಈ ಸಂಗೀತವನ್ನೆಲ್ಲ ಬಿಬಿಸಿಯೇ ಬೇಕೆಂದು ತುಳಿಯಿತು, ವಿಲಿಯಂ ಗ್ಲಾಕ್ ಅನ್ನುವವರ ಕಾಲದಲ್ಲಿ ಕಪ್ಪುಪಟ್ಟಿ ಇತ್ತು ಅನ್ನುತ್ತಾರೆ. ನಿಜವೇ?

ಪಶ್ಚಿಮವಾಹಿನಿ

ಗ್ಲಾಕ್ 1959ರಲ್ಲಿ ಸಂಗೀತ ವಿಭಾಗದ ಮುಖ್ಯಸ್ಥರಾದ ಮೇಲೆ ಹೊಸ ಯುರೋಪಿಯನ್ ಸಂಗೀತಕ್ಕೆ ಜಾಗ ಹೆಚ್ಚಿತು, ಹಳೆಯ ದಾರಿಯಲ್ಲಿ ಬರೆಯುತ್ತಿದ್ದವರಿಗೆ ಕಡಿಮೆಯಾಯಿತು. ಅನುಭವಿಸಿದವರ ನೋವು ಸುಳ್ಳಲ್ಲ. ಆದರೆ 1966ರ 'ಗಾಥಿಕ್' ಆದದ್ದೂ ಗ್ಲಾಕ್ ಕಾಲದಲ್ಲೇ, ಬಿಬಿಸಿಯ ಒಳಗಿದ್ದ ರಾಬರ್ಟ್ ಸಿಂಪ್ಸನ್ ಬ್ರಯಾನ್ ಅವರ ಬೆನ್ನಿಗೆ ನಿಂತದ್ದರಿಂದ. ಸಿಂಪ್ಸನ್ ಸ್ವತಃ ದೊಡ್ಡ ಸಿಂಫನಿಕಾರರು. ಒಬ್ಬನೇ ಖಳನಾಯಕನ ತಲೆಗೆ ಎಲ್ಲವನ್ನೂ ಕಟ್ಟಲು ನನಗೆ ಮನಸ್ಸಿಲ್ಲ. ಅಂದಹಾಗೆ ಬಿಬಿಸಿ ಪ್ರಸಾರ ಮಾಡಿ ಮರೆತದ್ದನ್ನು ಇಟ್ಟರ್ 1952ರಿಂದಲೇ ಮನೆಯಲ್ಲಿ ಒಳ್ಳೆಯ ಯಂತ್ರ ಇಟ್ಟುಕೊಂಡು ಹಿಡಿದಿಟ್ಟಿದ್ದರು. ಅವರು 2014ರಲ್ಲಿ ತೀರಿಕೊಂಡರು. ಆ ಟೇಪುಗಳು ಈಗ ಒಂದೊಂದಾಗಿ ಸಿಡಿಯಾಗಿ ಬರುತ್ತಿವೆ.

ಮಲೆನಾಡ_ಮಳೆ

ಐದು ದಿನ ಸುಮ್ಮನಿದ್ದೆ, ಕೇಳುತ್ತಿದ್ದೆ. ಗಿಪ್ಸ್ ಎರಡನೇ ಸಿಂಫನಿ ಎರಡು ಸಲ. ಫೋಲ್ಡ್ಸ್ ಮೂರನೇ ಮಂತ್ರ ನಾಲ್ಕು ಸಲ, ಮನೆಯವರು ಬಾಗಿಲು ಹಾಕಿಕೊಂಡರು. ಕೊನೆಗೆ ಮೋರನ್, ಮೊದಲು ಬೋಲ್ಟ್, ಆಮೇಲೆ ಹೆವರ್ಡ್.

ನನ್ನ ಸಿಬೇಲಿಯಸ್ ಮಾತು ಪೂರ್ತಿ ಬಿಡುವುದಿಲ್ಲ. ಬೋಲ್ಟ್ ಅವರ ಕೈಯಲ್ಲಿ ಆ ಕೊನೆಯ ಪೆಟ್ಟುಗಳು ಗಂಭೀರವಾಗಿ, ಒಂದಕ್ಕೊಂದು ಸಮನಾಗಿ ಬೀಳುತ್ತವೆ, ಆಗ ನೆರಳೇ ಕಾಣುತ್ತದೆ. ಹೆವರ್ಡ್ ಅವರಲ್ಲಿ ಅಲ್ಲಿಗೆ ಬರುವ ಹೊತ್ತಿಗೆ ಆರ್ಕೆಸ್ಟ್ರಾ ದಣಿದಿರುತ್ತದೆ, ಪೆಟ್ಟುಗಳ ನಡುವಿನ ಮೌನ ಉಸಿರು ತೆಗೆದುಕೊಳ್ಳುವ ಮೌನ. ಅದು ಸಿಬೇಲಿಯಸ್ ಅಲ್ಲ, ಬೇರೆ ಏನೋ. ಸಂಡೇ ಬಜಾರಿನಲ್ಲಿ ನನಗೆ ಆ ಬೋಲ್ಟ್ ತಟ್ಟೆ ಸಿಕ್ಕಿದ್ದರೆ, ಅದೊಂದನ್ನೇ ಕೇಳಿ ಮೋರನ್ ಅಂದರೆ ಇಷ್ಟೇ ಅಂದುಕೊಂಡು ಬಿಡುತ್ತಿದ್ದೆ.

ಹಳೇತಟ್ಟೆ

ಒಂದು ತಟ್ಟೆಯ ಬಗ್ಗೆ ಕೇಳಿದೆ, ಇಷ್ಟು ಕೊಟ್ಟಿರಿ. ಎಲ್ಲರಿಗೂ ಮನಸಾರೆ ನಮಸ್ಕಾರ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಕೂರೋಣ ಅಂತ ಆಸೆ. ಮೈಸೂರು, ಶ್ರೀರಂಗಪಟ್ಟಣದವರು ಬನ್ನಿ, ವಿಳಾಸ ಪ್ರತ್ಯೇಕವಾಗಿ ಕಳಿಸುತ್ತೇನೆ. ಮೊದಲು ಹೆವರ್ಡ್, ಆಮೇಲೆ ಈ ಬೋಲ್ಟ್ ತಟ್ಟೆ. ಕಾಫಿ ಆದ ಮೇಲೆ ಮೂರನೇ ಮಂತ್ರ, ಎರಡೂ ರೆಕಾರ್ಡಿಂಗು. ಏಕತಾರಿಯವರು ತಂಬೂರಿ ತರುವುದಾದರೆ ನಮ್ಮ ಮೊಮ್ಮಗ ಬಂದು ಎತ್ತಿಕೊಂಡು ಬರುತ್ತಾನೆ. ನಜರಬಾದ್‌ನವರೇ, ನೀವೂ ಬರಲೇಬೇಕು. ತಾತನವರು ಅರಮನೆ ಬ್ಯಾಂಡಿನವರಿಂದ ಇನ್ನೇನು ಕೇಳಿದ್ದರು ಅಂತ ಕೇಳುವುದಿದೆ.

ಏಕತಾರಿ

ಬರುತ್ತೇನೆ. ತಂಬೂರಿಯನ್ನು ನಾನೇ ಆಟೋದಲ್ಲಿ ತರುತ್ತೇನೆ, ಮಗು ಕೈಗೆ ಬೇಡ. ಕುರ್ಚಿ ಬೇಡ, ಚಾಪೆ ಹಾಸಿಡಿ.